ಉಡಿ ತುಂಬಿ ಉಳಿಸಿಕೊಂಡ ಹುಡುಗಿ

ಆಗ ನನಗೆ ಮೂವತ್ತೆರಡು. ಈಗ ಎಂಬತ್ತೆರಡು ನಡೆದಿದೆ. ಅಂದರೆ ಐವತ್ತು ವರ್ಷದ ಹಿಂದಿನ ಮಾತು. ಇಷ್ಟು ಹಳೆಯದನ್ನು ಈಗ ಯಾಕೆ ಕೆದಕುತ್ತೀ ಎಂದು ನೆರೆಮನೆಯವಳು ಕೇಳಿದಳು. ಕೆದಕುವ ಕೆಲಸವೇ ಇಲ್ಲ. ಅದು ಮೇಲೆಯೇ ಬಿದ್ದಿದೆ.

ಧಾರವಾಡದ ಅಂಚಿನಲ್ಲಿ, ಊರು ಮುಗಿದು ಹೊಲ ಸುರುವಾಗುವಲ್ಲಿ, ದಿಕ್ಕಿಲ್ಲದ ಮುದುಕರಿಗಾಗಿ ಒಂದು ಮನೆ ಇತ್ತು. ಬೋರ್ಡಿನ ಮೇಲೆ ದೊಡ್ಡ ಹೆಸರು ಬರೆದಿದ್ದರಂತೆ. ನನಗೆ ಓದಲು ಬರುತ್ತಿರಲಿಲ್ಲ. ಟಾಂಗಾದವರು ಅದನ್ನು ಮುದುಕರ ಮನಿ ಎನ್ನುತ್ತಿದ್ದರು, ನಾವೂ ಹಾಗೇ ಅನ್ನುತ್ತಿದ್ದೆವು. ಹೆಂಗಸರ ಕಡೆ ಹದಿನೆಂಟು ಮಂಚ. ಅಲ್ಲಿಯ ಕೆಲಸದವರಲ್ಲಿ ನಾನು ಹಿರಿಯಳು. ಗಂಡ ಇನ್ನೊಬ್ಬಳನ್ನು ಇಟ್ಟುಕೊಂಡು ನನ್ನನ್ನು ಹೊರಗೆ ಹಾಕಿದಾಗ, ಕರೆದು ಕೆಲಸ ಕೊಟ್ಟು, ಇರಲಿಕ್ಕೆ ಹಿತ್ತಲ ಕೋಣೆ ಕೊಟ್ಟವರು ಆ ಮನೆಯ ಮೇಲ್ವಿಚಾರಕಿ. ಎಲ್ಲರೂ ಅವರನ್ನು ಬಾಯಾರು ಎನ್ನುತ್ತಿದ್ದೆವು. ಅವರ ಉಪಕಾರ ನನ್ನ ಮೇಲಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿದ ಮೇಲೆ, ಉಂಡ ಮನೆ ಮರೆತಳು ಎಂದು ಯಾರೂ ಅನ್ನಬಾರದು.

ಆ ಮನೆಯಲ್ಲಿ ಕೆಲಸದ ಹುಡುಗಿಯರು ನಿಲ್ಲುತ್ತಿರಲಿಲ್ಲ. ಬರುವಾಗ ತಲೆಗೆ ಎಣ್ಣೆ ಹಚ್ಚಿಕೊಂಡು, ಹೂ ಮುಡಿದುಕೊಂಡು ಬರುತ್ತಿದ್ದರು. ಬೆಡ್‌ಪ್ಯಾನ್ ಕೈಗೆ ಬಂದ ದಿನ ಮುಖ ಗಂಟಿಕ್ಕುತ್ತಿತ್ತು. ಒಬ್ಬಳು ಹನ್ನೊಂದು ದಿನ ಇದ್ದಳು. ಒಬ್ಬಳು ಹುಬ್ಬಳ್ಳಿಯ ಅರಳೆ ಗಿರಣಿಗೆ ಓಡಿದಳು, ಅಲ್ಲಿ ಮೂಗಿನಲ್ಲಿ ಧೂಳು ತುಂಬಿದರೂ ಪರವಾಗಿಲ್ಲ, ಇಲ್ಲಿಯ ವಾಸನೆ ಬೇಡ ಎಂದು. ಒಬ್ಬಳ ಕೈಯಲ್ಲೇ ಒಬ್ಬ ಮುದುಕಿಯ ಜೀವ ಹೋಯಿತು. ಸಂಜೆಗೆ ಅವಳ ಅಪ್ಪ ಬಂದು ಅವಳ ಗಂಟು ಎತ್ತಿಕೊಂಡು ಹೋದ. ಹೆಚ್ಚಿನವರನ್ನು ಲಗ್ನದ ಮಾತು ಎತ್ತಿ ಬಿಡಿಸುತ್ತಿದ್ದರು. ಮಂದಿಯ ಹೊಲಸು ಬಳಿದ ಹುಡುಗಿಯನ್ನು ಯಾವ ಅತ್ತೆ ಒಲೆಯ ಹತ್ತಿರ ಬಿಟ್ಟುಕೊಳ್ಳುತ್ತಾಳೆ ಎನ್ನುವುದು ಅವರ ಮಾತು. ಒಬ್ಬಳು ಹೋದರೆ ಅವಳ ಕೆಲಸ ನನ್ನ ಹೆಗಲಿಗೆ. ಕೆಲವು ದಿನ ಹದಿನೆಂಟು ಮಂಚಕ್ಕೆ ನಾನೊಬ್ಬಳೇ.

ಹುಡುಗಿಯರನ್ನು ಹುಡುಕಿ ತರುವ ಕೆಲಸವೂ ನನ್ನದೇ ಆಯಿತು. ತಿರುಗಿ ತಿರುಗಿ ನನಗೆ ಒಂದು ಉಪಾಯ ಹೊಳೆಯಿತು. ಬಾಯಾರಿಗೆ ಹೇಳಿದೆ.

"ಬಂದ ದಿನಾನ ಹೊಲಸು ಕೆಲಸಕ್ಕ ಹಚ್ಚಬ್ಯಾಡ್ರಿ. ಎಂಟು ದಿನ ಬರೇ ತಲಿ ಬಾಚೂದು, ಊಟಕ್ಕ ನೀಡೂದು ಮಾಡ್ಲಿ. ಮುದಿಕ್ಯಾರು ಮಗಳ, ಮಗಳ ಅಂತ ಕರ್ಯಾಕ ಸುರು ಮಾಡ್ತಾರ. ಒಂಬತ್ತನೇ ದಿನ ಉಡಿ ತುಂಬ್ರಿ. ಹತ್ತನೇ ದಿನ ಬೆಡ್‌ಪ್ಯಾನ್ ಕೊಡ್ರಿ. ಉಡಿ ತುಂಬಿಸಿಕೊಂಡಾಕಿ ಲಗೂ ಬಿಟ್ಟು ಹೋಗೂದಿಲ್ಲ."

ಬಾಯಾರು ನಕ್ಕರು. "ನೀ ಸಾಲಿ ಕಲ್ತಿದ್ರ ನನ್ನ ಖುರ್ಚಿ ಉಳೀತಿರಲಿಲ್ಲ ನೋಡು."

ನಮ್ಮ ಕಡೆ ಉಡಿ ತುಂಬುವುದೆಂದರೆ ಸಣ್ಣ ಮಾತಲ್ಲ. ಹೆಣ್ಣುಮಗಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು, ಕುಪ್ಪಸದ ಖಣ ಹಾಕಿದರೆ ಅವಳು ಆ ಮನೆಯ ಮಗಳಾದಂತೆ. ತುಂಬಿಸಿಕೊಂಡ ಮನೆಗೆ ಬೆನ್ನು ತಿರುಗಿಸಲು ಅವಳಿಗೆ ಮನಸ್ಸು ಬರುವುದಿಲ್ಲ. ನಾನು ಅದನ್ನು ಹಗ್ಗ ಮಾಡಿಕೊಂಡೆ. ಆದರೆ ನನ್ನ ತಲೆಯಲ್ಲಿ ಆ ಹಗ್ಗಕ್ಕೆ ಎರಡು ತುದಿ ಇದ್ದವು. ತುಂಬಿಸಿಕೊಂಡವಳನ್ನು ಕಟ್ಟುವಂತೆ ತುಂಬಿದವಳನ್ನೂ ಕಟ್ಟುತ್ತದೆ ಎಂದು ನಾನು ತಿಳಿದಿದ್ದೆ. ನನ್ನ ತಪ್ಪು ಅಲ್ಲಿಯೇ ಆಗಿದ್ದು.

ಹಾಗೆ ಕರೆತಂದವರಲ್ಲಿ ಗರಗದ ಹುಡುಗಿ ಒಬ್ಬಳು. ಹದಿನೇಳು ವರ್ಷ. ಏಳನೇ ಇಯತ್ತೆ ಮುಗಿಸಿ ಮುಲ್ಕಿ ಪರೀಕ್ಷೆ ಪಾಸಾಗಿದ್ದಳು. ತಾಯಿಯ ಜೊತೆ ಖಾದಿ ಕೇಂದ್ರಕ್ಕೆ ನೂಲುತ್ತಿದ್ದಳು. ನಾನು ಅವರ ಮನೆಗೆ ಹೋದಾಗ ತಾಯಿ ಚರಕದಿಂದ ಕೈ ತೆಗೆಯಲಿಲ್ಲ.

"ನಮ್ಮ ಹುಡುಗಿ ಏನು ಮಾಡಬೇಕವಾ ಅಲ್ಲಿ?"

"ತಲಿ ಬಾಚೂದು, ಊಟಕ್ಕ ನೀಡೂದು, ಔಷಧ ಕುಡಿಸೂದು."

"ಅಷ್ಟಕ್ಕ ಧಾರವಾಡದಾಗ ಹುಡುಗ್ಯಾರು ಸಿಗಲಿಲ್ಲೇನು? ಗರಗದ ತನಕ ಬಂದೀಯಲ್ಲ."

ಆ ಹೆಂಗಸು ಚುರುಕು. ನಾನು ನಿಜ ಹೇಳಲಿಲ್ಲ, ಮಾತನ್ನು ಬೇರೆ ಕಡೆ ತಿರುಗಿಸಿದೆ. "ಓದಿದ ಹುಡುಗಿ ಬೇಕಾಗ್ಯಾಳ. ಎರಡು ವರ್ಷ ನಿಂತ್ರ ನರ್ಸಬಾಯಿ ತರಬೇತಿಗೆ ಕಳಸ್ತಾರ. ನಮ್ಮಂಥ ಮನಿಗೆ ಒಂದು ಜಾಗಾ ಇಟ್ಟಾರ. ನಮ್ಮ ಬಾಯಾರು ಮಾತು ಕೊಟ್ಟಾರ."

ಇದು ಸುಳ್ಳಲ್ಲ. ತರಬೇತಿ ಕೇಂದ್ರದವರು ನಮ್ಮ ಮನೆಯಲ್ಲಿ ಎರಡು ವರ್ಷ ಸೇವೆ ಮಾಡಿದ ಒಬ್ಬ ಹುಡುಗಿಯನ್ನು ತೆಗೆದುಕೊಳ್ಳುತ್ತೇವೆ ಎಂದು ಹೇಳಿದ್ದರು. ಓದಿದವಳನ್ನು ಹುಡುಕಿ ತಾ, ಅವಳನ್ನೇ ಕಳಿಸೋಣ ಎಂದು ಬಾಯಾರು ನನಗೆ ಬಾಯಿಬಿಟ್ಟು ಹೇಳಿದ್ದರು.

ಚರಕ ನಿಂತಿತು. "ಬಾಯಾರು ನನಗೇನು ಗೊತ್ತು? ಅವರ ಮಾತು ಅವರ ಹಂತ್ಯಾಕ ಇರಲಿ. ನೀ ಕೊಡ್ತೀಯೇನು ಮಾತು?"

"ಕೊಡ್ತೇನಿ," ಎಂದೆ.

ಹುಡುಗಿ ಬಂದಳು. ಎಂಟು ದಿನ ನನ್ನ ಪದ್ಧತಿಯಂತೆ ಬರೇ ತಲೆ ಬಾಚಿದಳು. ಅವಳ ಪಾಲಿಗೆ ಕೊಟ್ಟಿದ್ದು ಬಾಗಿಲ ಹತ್ತಿರದ ಮಂಚದ ಆಯಿಯನ್ನು. ಆಯಿ ಅಮರಗೋಳದವಳು, ಬಲಭಾಗಕ್ಕೆ ಲಕ್ವ ಹೊಡೆದಿತ್ತು. ಕೈಕಾಲು ಸತ್ತಿದ್ದವು, ನಾಲಗೆಗೆ ಏನೂ ಆಗಿರಲಿಲ್ಲ.

"ಏ ಗರಗದಾಕಿ, ನೂಲು ಎಳ್ದಂಗ ನನ್ನ ಕೂದ್ಲಾ ಎಳೀಬ್ಯಾಡ."

"ನೂಲಾದ್ರ ಗಟ್ಟಿ ಇರತೈತಿ ಆಯಿ. ಇದು ಹಿಡಿದ್ರ ಕೈಯಾಗ ಬರತೈತಿ."

ಆಯಿ ನಕ್ಕಿದ್ದನ್ನು ನಾನು ಅವತ್ತೇ ಮೊದಲು ಕಂಡಿದ್ದು.

ಒಂಬತ್ತನೇ ದಿನ ತಾಯಿಯನ್ನೂ ಕರೆಸಿ ಉಡಿ ತುಂಬಿದೆವು. ನಾನು ಹರಿವಾಣ ಹಿಡಿದೆ, ಬಾಯಾರು ತಮ್ಮ ಕೈಯಾರೆ ಐದು ಹಿಡಿ ಅಕ್ಕಿ ಹಾಕಿದರು, ಖಣ ಇಟ್ಟರು. "ಈ ಮನಿ ಮಗಳು ಆದಿ ನೀ," ಎಂದರು. ಖಣ ಹಸಿರು ಬಣ್ಣದ್ದು, ಕೆಂಪು ಅಂಚು. ಹುಡುಗಿ ಅದನ್ನು ಹೊಲಿಸಲಿಲ್ಲ. ತರಬೇತಿಗೆ ಹೋಗುವ ದಿನ ಹಾಕಿಕೊಳ್ಳುತ್ತೇನೆ ಎಂದು ಟ್ರಂಕಿನ ತಳದಲ್ಲಿ ಇಟ್ಟಳು.

ಹತ್ತನೇ ದಿನ ಬೆಡ್‌ಪ್ಯಾನ್ ಕೊಟ್ಟೆ. ಅವಳು ನನ್ನ ಮುಖ ನೋಡಿದಳು.

"ಚಿಗವ್ವಾ, ಇದನ್ನ ಅವ್ವಗ ಹೇಳಿರಲಿಲ್ಲ ನೀ."

"ಹೇಳಿದ್ರ ಬರ್ತಿದ್ದೇನು?"

"ಇಲ್ಲ," ಎಂದಳು. ತೆಗೆದುಕೊಂಡು ಹೋದಳು. ಹಿತ್ತಲಲ್ಲಿ ವಾಂತಿ ಮಾಡಿಕೊಂಡಳು, ಬಾಯಿ ತೊಳೆದು ಮತ್ತೆ ಬಂದಳು. ನನ್ನನ್ನು ಚಿಗವ್ವ, ಅಂದರೆ ಚಿಕ್ಕಮ್ಮ, ಎಂದು ಕರೆಯಲು ನಾನು ಹೇಳಿರಲಿಲ್ಲ, ಅವಳೇ ಕರೆದಳು.

ಎರಡು ವರ್ಷ ಅವಳು ನಿಂತಳು. ಕೆಲಸದಲ್ಲಿ ನನ್ನನ್ನೂ ಮೀರಿಸಿದಳು. ಮಲಗಿದ ಮುದುಕಿಯರಿಗೆ ಬೆನ್ನಹುಣ್ಣು ಆಗದಂತೆ ಮಗ್ಗಲು ಬದಲಿಸಬೇಕು. ಬಾಗಿಲ ನೆರಳು ಎಲ್ಲಿಗೆ ಬಂದಾಗ ಯಾರನ್ನು ತಿರುಗಿಸಬೇಕು ಎಂದು ನೆಲದ ಮೇಲೆ ಇದ್ದಿಲಿನಿಂದ ಗೆರೆ ಹಾಕಿಟ್ಟಿದ್ದಳು. ಅವಳು ಇದ್ದಷ್ಟು ದಿನ ಆಯಿಯ ಬೆನ್ನು ಹಸುಗೂಸಿನ ಬೆನ್ನಿನ ಹಾಗೆ ಇತ್ತು. ನಡುವೆ ಎರಡು ಸಲ ವರ ಬಂದ. ತಾಯಿ ಕರೆಯಲು ಬಂದಳು. ಎರಡೂ ಸಲ ನಾನೇ ಅಡ್ಡ ನಿಂತು, ಇನ್ನೊಂದಿಷ್ಟು ದಿನ ತಡಿಯವಾ, ನರ್ಸಬಾಯಿ ಆದಳಂದ್ರ ವರ ತಾನ ಓಡಿ ಬರ್ತಾನ ಎಂದು ಕಳಿಸಿದೆ. ಅವಳ ಲಗ್ನ ತಪ್ಪಿಸಿದವಳೂ ನಾನೇ ಎಂದಾಯಿತು.

ಮಧ್ಯಾಹ್ನ ಮುದುಕಿಯರು ಮಲಗಿದಾಗ ಅವಳು ನನಗೆ ಅಕ್ಷರ ಕಲಿಸುತ್ತಿದ್ದಳು. ನಾನು ದಡ್ಡಿ. ತಿಂಗಳುಗಟ್ಟಲೆ ಕೂತರೂ ನನ್ನ ಹೆಸರಿನ ಆಚೆ ದಾಟಲಿಲ್ಲ. ಆದರೆ ಹೆಸರು ಬರೆಯಲು ಬಂತು. ಮೊದಲ ಸಲ ಪಾಟಿಯ ಮೇಲೆ ನೆಟ್ಟಗೆ ಬರೆದಾಗ ಆಯಿ ಮಂಚದ ಮೇಲಿಂದಲೇ, "ಇನ್ನ ತಾಲೂಕಿನ ಮಾಮಲೇದಾರ ಆಗ್ತಾಳ ನೋಡು ಈಕಿ," ಎಂದಳು.

ಎರಡು ವರ್ಷ ತುಂಬಿದ ಮೇಲೆ ತರಬೇತಿ ಕೇಂದ್ರದಿಂದ ಕಾಗದ ಬಂತು. ಒಂದು ಮಧ್ಯಾಹ್ನ ಬಾಯಾರು ನನ್ನನ್ನು ಆಫೀಸಿಗೆ ಕರೆದರು.

"ಹುಡುಗಿ ಎರಡು ವರ್ಷ ಸೇವಾ ಮಾಡ್ಯಾಳ ಅಂತ ಬರದದ. ಹಿರೇಳು ಅಂತ ನಿನ್ನ ಸಾಕ್ಷಿ ಬೇಕು. ಹೆಬ್ಬೆಟ್ಟು ಒತ್ತು."

"ಹೆಬ್ಬೆಟ್ಟು ಯಾಕ್ರಿ? ಸಹಿ ಮಾಡ್ತೇನಿ."

"ಹೌದೇನ? ಮಾಡು, ಮಾಡು."

ನಾನು ಜೀವನದಲ್ಲಿ ಮಾಡಿದ ಮೊದಲ ಸಹಿ ಅದು. ಕಾಗದದ ಮೇಲೆ ಇನ್ನೂ ಬಹಳ ಅಕ್ಷರ ಇದ್ದವು. ಅವುಗಳ ಕಡೆ ನೋಡಲಿಲ್ಲ. ನೋಡಿದ್ದರೂ ತಿಳಿಯುತ್ತಿರಲಿಲ್ಲ. ಹೊರಗೆ ಬಂದು ಹುಡುಗಿಗೆ, ನಿನ್ನ ಕಾಗದಕ್ಕ ಸಹಿ ಹಾಕಿ ಬಂದ್ನಿ ಎಂದು ಹೇಳಿದೆ. ಅವತ್ತು ಸಂಜೆ ಅವಳು ಖಣ ಹೊರಗೆ ತೆಗೆದು ಬಿಸಿಲಿಗೆ ಹಾಕಿದಳು.

ಹದಿನೈದು ದಿನದ ಮೇಲೆ ತರಬೇತಿ ಕೇಂದ್ರದ ಡಾಕ್ಟರಬಾಯಿ ನಮ್ಮ ಮನೆಗೆ ತಪಾಸಣೆಗೆ ಬಂದರು. ಕಳಿಸುವ ಹುಡುಗಿಗೆ ಕೆಲಸ ಬರುತ್ತದೋ ಇಲ್ಲವೋ ಕಣ್ಣಾರೆ ನೋಡುವುದು ಅವರ ಪದ್ಧತಿ. ಬಾಯಾರು ಬೆಳಿಗ್ಗೆಯೇ ಗರಗದ ಹುಡುಗಿಯನ್ನು ಚಾದರ ಒಗೆಯಲು ಹಿತ್ತಲ ಕಲ್ಲಿಗೆ ಕಳಿಸಿದ್ದರು. ಇವತ್ತೇ ಯಾಕೆ ಎಂದು ನನಗೆ ಅನಿಸಿತು. ಕೇಳಲಿಲ್ಲ.

ಡಾಕ್ಟರಬಾಯಿಯ ಹಿಂದೆ ಬಿಳಿ ಸೀರೆ ಉಟ್ಟ ಹುಡುಗಿಯೊಬ್ಬಳು ಒಳಗೆ ಬಂದಳು. ಅವಳು ಬಾಯಾರ ಅಣ್ಣನ ಮಗಳು. ಆಗಾಗ ಬಂದು ಆಫೀಸಿನಲ್ಲಿ ಕೂತು ಚಹಾ ಕುಡಿದು ಹೋಗುತ್ತಿದ್ದಳು. ಮಂಚಗಳ ಕಡೆ ಒಂದು ದಿನವೂ ಬಂದವಳಲ್ಲ.

"ಈ ಆಯಿನ ಮಗ್ಗಲಾ ಬದಲ ಮಾಡಿ ತೋರಸು," ಎಂದರು ಡಾಕ್ಟರಬಾಯಿ ಅವಳಿಗೆ.

ಆಗ ನನಗೆ ತಿಳಿಯಿತು. ಕಾಗದದಲ್ಲಿ ಇದ್ದ ಹೆಸರು ಯಾರದೆಂದು ತಿಳಿಯಿತು. ಕಾಲಿನ ಕೆಳಗಿನ ನೆಲ ಎಲ್ಲಿಯೂ ಹೋಗಲಿಲ್ಲ, ಅಲ್ಲಿಯೇ ಇತ್ತು, ನಾನೂ ಅದರ ಮೇಲೆಯೇ ನಿಂತಿದ್ದೆ.

ಬಿಳಿ ಸೀರೆಯವಳು ಆಯಿಯ ಸತ್ತ ಕೈಯನ್ನೇ ಹಿಡಿದು ಎಳೆದಳು. ಆಯಿ ನರಳಿದಳು.

"ಯಾರವಾ ಈಕಿ? ತೋಳು ಕಿತ್ತಾಕತ್ತಾಳಲ್ಲ. ನನ್ನ ಹುಡುಗಿನ ಕರೀರಿ."

ಬಾಯಾರು ಮೆಲ್ಲಗೆ ನಕ್ಕು, "ಆಯಿಗೆ ನೆನಪು ಹೋಗ್ಯದರಿ. ನನ್ನನ್ನೂ ಯಾರು ಅಂತ ಕೇಳ್ತಾರ," ಎಂದರು.

ಡಾಕ್ಟರಬಾಯಿಗೆ ಸಂಶಯ ಬಂದಿರಬೇಕು. ಚೀಲದಿಂದ ಕಾಗದ ತೆಗೆದು ನನ್ನ ಮುಂದೆ ಹಿಡಿದರು.

"ಈ ಸಹಿ ನಿಂದೇನವಾ?"

"ಹೌದ್ರಿ."

"ಈ ಹುಡುಗಿ ಎರಡು ವರ್ಷ ಇಲ್ಲಿ ಕೆಲಸ ಮಾಡ್ಯಾಳ? ಖರೇ ಹೇಳು."

ನಾನು ಬಾಯಾರ ಕಡೆ ನೋಡಿದೆ. ಅವರು ಹೆದರಿಸುವ ಹಾಗೆ ನೋಡಿದ್ದರೆ ನಾನು ಇಲ್ಲ ಎನ್ನುತ್ತಿದ್ದೆನೋ ಏನೋ. ಅವರು ಹಾಗೆ ನೋಡಲಿಲ್ಲ. ಸ್ವಂತ ಮನೆಯವಳನ್ನು ನೋಡುವಂತೆ ನೋಡಿದರು. ನನ್ನ ಕೈ ಬಿಡುವವಳಲ್ಲ ಇವಳು ಎನ್ನುವ ನೋಟ. ನನ್ನ ಹಿತ್ತಲ ಕೋಣೆ, ಅದರ ಚಿಲಕ, ಗೋಡೆಯ ಗೂಟಕ್ಕೆ ಹಾಕಿದ ನನ್ನ ಎರಡು ಸೀರೆ, ಎಲ್ಲ ಆ ನೋಟದಲ್ಲಿ ಇದ್ದವು.

"ಹೌದ್ರಿ. ಮಾಡ್ಯಾಳ್ರಿ," ಎಂದೆ.

ತಿರುಗಿದರೆ ಹಿತ್ತಲ ಬಾಗಿಲಲ್ಲಿ ಗರಗದ ಹುಡುಗಿ. ಹಿಂಡಿದ ಚಾದರ ಎರಡೂ ಕೈಯಲ್ಲಿ, ನೀರು ತೊಟ್ಟಿಕ್ಕುತ್ತಿತ್ತು. ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಬಾಯಿ ತೆರೆಯಲಿಲ್ಲ. ತೆರೆದಿದ್ದರೆ ಡಾಕ್ಟರಬಾಯಿ ಕೇಳುತ್ತಿದ್ದರು. ಈಗಲೂ ನನಗೆ ಹಾಗೇ ಅನಿಸುತ್ತದೆ. ಆದರೆ ಅವಳು ನನ್ನನ್ನೇ ನೋಡುತ್ತಿದ್ದಳು, ಡಾಕ್ಟರಬಾಯಿಯನ್ನಲ್ಲ.

ಡಾಕ್ಟರಬಾಯಿ ಹೋದ ಮೇಲೆ ಬಾಯಾರು ನನ್ನನ್ನು ಒಳಗೆ ಕರೆದು ಚಹಾ ಕೊಟ್ಟರು. ಪಿಂಗಾಣಿಯ ಕಪ್ಪು-ಬಸಿಯಲ್ಲಿ. ಅದಕ್ಕೂ ಮೊದಲು ನನಗೆ ಯಾವಾಗಲೂ ಹಿತ್ತಾಳೆ ಲೋಟವೇ.

"ನಮ್ಮಣ್ಣನ ಮಗಳಿಗೆ ವಯಸ್ಸು ಮೀರಲಿಕ್ಕತ್ತದ, ಈ ವರ್ಷ ತಪ್ಪಿದ್ರ ಮುಗೀತು. ನಿನ್ನ ಹುಡುಗಿನ ಮುಂದಿನ ವರ್ಷ ಕಳಸೋಣ."

"ನಾ ಅಕಿ ಅವ್ವಗ ಮಾತು ಕೊಟ್ಟೇನ್ರಿ. ನೀವ ಕೊಡಸಿದ್ರಿ."

"ಒಂದು ವರ್ಷದಾಗ ಏನು ಹೋಗ್ತದ? ಹ್ಯಾಂಗೂ ಉಡಿ ತುಂಬೇವಿ. ಎಲ್ಲಿ ಹೋಗ್ತಾಳ ಅಕಿ?"

ಆ ಉಪಾಯ ಹೇಳಿಕೊಟ್ಟವಳು ನಾನು. ಅವರು ಅದನ್ನು ನಾನು ಹೇಳಿದಷ್ಟೇ ನಂಬಿದ್ದರು. ಹಗ್ಗಕ್ಕೆ ಇನ್ನೊಂದು ತುದಿ ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅವರಿಗೆ ಅದರ ಅಗತ್ಯವೂ ಇರಲಿಲ್ಲ. ಹುಡುಗಿಯ ಎರಡು ವರ್ಷ ಎತ್ತಿ ಅಣ್ಣನ ಮಗಳ ಉಡಿಗೆ ಹಾಕಿದರು. ಹರಿವಾಣ ಹಿಡಿಯಲು ನನ್ನನ್ನೇ ನಿಲ್ಲಿಸಿದರು. ಚಹಾ ಕುಡಿದೆ. ಬಿಟ್ಟು ಎದ್ದು ಬಂದೆ ಎಂದು ಬರೆಯಬಹುದಿತ್ತು. ಕುಡಿದೆ.

ಹಿತ್ತಲಿಗೆ ಬಂದರೆ ಹುಡುಗಿ ಟ್ರಂಕು ಕಟ್ಟುತ್ತಿದ್ದಳು.

"ನನಗೂ ಗೊತ್ತಿರಲಿಲ್ಲ. ನನಗೂ ಮೋಸ ಮಾಡಿದ್ರು," ಎಂದೆ.

"ಸಹಿ ಮಾಡೂವಾಗ ಗೊತ್ತಿರಲಿಲ್ಲ. ಹೌದ್ರಿ ಅನ್ನೂವಾಗ?"

ಅವಳು ಟ್ರಂಕಿನ ಮುಚ್ಚಳ ಹಾಕಿದಳು.

"ಓದಾಕ ಕಲಸೂದು ಬಿಟ್ಟು ಸಹಿ ಮಾಡಾಕ ಕಲಿಸಿದ್ನಿ. ತಪ್ಪು ನಂದ ಐತಿ, ಚಿಗವ್ವಾ."

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಬೈಯಲಿಲ್ಲ ಅವಳು. ಆಯಿಯ ಹತ್ತಿರ ಹೋಗಿ ಮಗ್ಗಲು ಬದಲಿಸಿದಳು, ತಲೆದಿಂಬು ಸರಿಮಾಡಿದಳು. ಆ ಹಸಿರು ಖಣವನ್ನು, ಮಡಿಕೆ ಕೂಡ ಬಿಚ್ಚದೆ, ನನ್ನ ಪಾಟಿಯ ಮೇಲೆ ಇಟ್ಟಳು. ಸಂಜೆಯ ಬಸ್ಸಿಗೆ ಗರಗಕ್ಕೆ ಹೋದಳು.

ಆಯಿ ನನ್ನ ಕಡೆ ಮುಖ ಮಾಡಲಿಲ್ಲ. "ಒಂದ ಮಾತಿನ್ಯಾಗ ಅಕಿನ್ನ ಕಳಿಸಿದಿ, ನನ್ನ ಹುಚ್ಚಿ ಮಾಡಿದಿ. ಬಾಳ ಶ್ಯಾಣ್ಯಾಕಿ ಅದೀ," ಎಂದಳು. ಅವಳು ಸಾಯುವವರೆಗೂ ನನ್ನನ್ನು ಮಾಮಲೇದಾರ ಎಂದೇ ಕರೆದಳು.

ಬಿಳಿ ಸೀರೆಯವಳು ತರಬೇತಿ ಮುಗಿಸಿ ಎಲ್ಲೋ ನೌಕರಿಗೆ ಸೇರಿದಳು. ಗರಗದವಳು ಮತ್ತೆ ನೂಲಲು ಕೂತಳು, ಆಮೇಲೆ ಲಗ್ನವಾಯಿತು ಎಂದು ಕೇಳಿದೆ. ನಾನು ಗರಗಕ್ಕೆ ಮತ್ತೆ ಹೋಗಲಿಲ್ಲ. ಅವಳ ತಾಯಿ ಕೇಳಿದ್ದು ನನ್ನ ಮಾತನ್ನು, ಬಾಯಾರ ಮಾತನ್ನಲ್ಲ. ಬಾಯಾರು ನನಗೆ ಮೋಸ ಮಾಡಿದರು, ಅದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ. ಆದರೆ ಗರಗದ ಆ ಮನೆಯಲ್ಲಿ ಹೇಳಲು ಅದು ಸಾಲುವುದಿಲ್ಲ. ಓದಲು ಆಮೇಲೆ ಕಲಿತೆ, ಕಿರಾಣಿ ಅಂಗಡಿಯ ಪೊಟ್ಟಣದ ಕಾಗದ ಬಿಡಿಸಿ ಬಿಡಿಸಿ. ಬರೆಯುವುದು ಈಗಲೂ ಸೊಟ್ಟ.

ಗರಗದ ಹುಡುಗಿ ಹೋದ ಮರುದಿನ ಬೆಳಿಗ್ಗೆ ಸುಳ್ಳ ಎಂಬ ಊರಿನಿಂದ ಒಬ್ಬ ಹೊಸ ಹುಡುಗಿ ಬರುವವಳಿದ್ದಳು. ಹಿಂದಿನ ತಿಂಗಳೇ ನಾನು ಹೋಗಿ ಮಾತಾಡಿ ಬಂದಿದ್ದೆ, ತಲಿ ಬಾಚೂದು, ಊಟಕ್ಕ ನೀಡೂದು, ಎರಡು ವರ್ಷಕ್ಕ ತರಬೇತಿ ಎಂದು. ಬಾಯಾರು ಈ ಸಲ ಒಂಬತ್ತು ದಿನ ಕಾಯಬಾರದು, ಒಬ್ಬಳು ಹೋಗಿದ್ದಾಳೆ, ಬಂದ ಕೂಡಲೇ ಉಡಿ ತುಂಬಿಬಿಡೋಣ ಎಂದು ಹರಿವಾಣದಲ್ಲಿ ಅಕ್ಕಿ ಅಳೆದು ಇಡಿಸಿದ್ದರು. ಕೊಬ್ಬರಿ ಇತ್ತು, ಉತ್ತತ್ತಿ ಇತ್ತು. ಹೊಸ ಖಣ ಬೇಡ, ಆ ಹಸಿರು ಖಣ ಹಾಗೇ ಇದೆಯಲ್ಲ, ಅದನ್ನೇ ಇಡು ಎಂದಿದ್ದರು.

ಹುಡುಗಿ ತಾಯಿಯ ಜೊತೆ ಬಂದಳು. ಹದಿನಾರು ಇರಬಹುದು. ತಲೆಗೆ ಎಣ್ಣೆ, ಅಬ್ಬಲಿಗೆ ಹೂವು. ನಾನು ಗೇಟಿನ ಹತ್ತಿರವೇ ನಿಲ್ಲಿಸಿದೆ.

"ಇಲ್ಲಿ ಮುದಿಕ್ಯಾರ ಹೇಲು ಉಚ್ಚಿ ಬಳೀಬೇಕು. ಬೆನ್ನಹುಣ್ಣು ತೊಳೀಬೇಕು. ಸತ್ರ ಮೈ ಒರಸಬೇಕು. ತರಬೇತಿ ಗಿರಬೇತಿ ಏನೂ ಇಲ್ಲ. ಹೋದ ಸಲ ನಿಮ್ಮನ್ಯಾಗ ಹೇಳಿದ್ದು ಸುಳ್ಳು."

ತಾಯಿ ಹುಡುಗಿಯ ಕೈ ಹಿಡಿದಳು. "ಮತ್ತ ಅವತ್ತ ಹಂಗ್ಯಾಕ ಹೇಳಿದ್ಯವಾ?"

"ಹೇಳಿದ್ರ ಬರ್ತಿದ್ದಿಲ್ಲ, ಅದಕ್ಕ."

ಅವರು ಬಂದ ದಾರಿ ಹಿಡಿದರು. ಹುಡುಗಿ ಒಂದು ಸಲ ತಿರುಗಿ ನೋಡಿದಳು. ನಾನು ಒಳಗೆ ಹೋದೆ. ಒಲೆಯ ಮೇಲೆ ಮುದುಕಿಯರ ಗಂಜಿಗೆ ಎಸರು ಕುದಿಯುತ್ತಿತ್ತು. ಹರಿವಾಣದ ಅಕ್ಕಿಯನ್ನು ಅದಕ್ಕೆ ಸುರಿದೆ. ಬಾಯಾರು ಹೊರಗೆ ಹಾಕಿದರೆ ಎಂದು ರಾತ್ರಿಯೇ ಕಟ್ಟಿಟ್ಟ ನನ್ನ ಗಂಟಿಗೆ ಖಣವನ್ನು ಸೇರಿಸಿದೆ. ಬಾಗಿಲ ನೆರಳು ಇದ್ದಿಲಿನ ಮೊದಲ ಗೆರೆಗೆ ಬಂದಿತ್ತು. ಹೋಗಿ ಆಯಿಯ ಮಗ್ಗಲು ಬದಲಿಸಿದೆ.